ನಾಲ್ಕನೆಯ ಸಲದ ಏಳು

ಜೂನ್ 9

ಮಗಳೇ,

ಅಮ್ಮ ಇದೇನು ಕಾಗದ ಬರೆಯಲು ಕೂತಳು ಎಂದು ಗಾಬರಿಯಾಗಬೇಡ. ಮೈಗೇನೂ ಆಗಿಲ್ಲ. ಮಂಡಿ ಮಾತ್ರ ಎಂದಿನ ಹಾಗೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಫೋನನ್ನು ಆರಿಸಿ ಬೀರುವಿನಲ್ಲಿ ಹಳೆಯ ಶಾಲುಗಳ ಕೆಳಗೆ ಇಟ್ಟುಬಿಟ್ಟಿದ್ದೇನೆ. ಅದನ್ನು ತೆರೆದರೆ ಆ ಹುಡುಗಿಯ ದನಿ ಬರುತ್ತದೆ.

ತೆರೆಯದಿದ್ದರೂ ಬರುತ್ತದೆ, ಅದು ಬೇರೆ ಮಾತು. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಯಾರೋ ಅದನ್ನೇ ಅಲಾರಾಂ ಮಾಡಿಕೊಂಡಿದ್ದಾರೆ. ಬೆಳಗ್ಗೆ ಆರಕ್ಕೆ ಸರಿಯಾಗಿ, 'ಏ... ಏ... ಏ... ಏಳು.' ಅವರು ಆರಿಸುವಷ್ಟರಲ್ಲಿ ಕೆಳಗಿನ ಮನೆಯದು ಶುರು. ಹತ್ತು ನಿಮಿಷಕ್ಕೆ ಹಿಂದಿನ ಬೀದಿಯದು. ನಾನು ಕಿಟಕಿ ಮುಚ್ಚಿ, ದಿಂಬನ್ನು ಕಿವಿಗೆ ಒತ್ತಿಕೊಂಡು ಕೂರುತ್ತೇನೆ. ಮೂವತ್ತೊಂದು ವರ್ಷ ಮೈದಾನದಲ್ಲಿ ಸೀಟಿ ಊದಿದವಳು, ಒಂದು ಹುಡುಗಿಯ ದನಿಗೆ ಹೆದರಿ!

ಶಾಲೆ ಶುರುವಾಗಿ ಒಂಬತ್ತು ದಿನವಾಯಿತು. ಅವಳು ಬಂದಿಲ್ಲ.

ಅವಳ ವಿಷಯ ಹಿಂದೆ ಹೇಳಿದ್ದೆ, ನಿನಗೆ ನೆನಪಿದೆಯೋ ಇಲ್ಲವೋ. ಬಸ್ ಡ್ರೈವರ್ ಮಗಳು, ಹದಿಮೂರು ವರ್ಷ. ಮಾತಾಡುವಾಗ ಉಗ್ಗುತ್ತಿದ್ದಳು. ತರಗತಿಯಲ್ಲಿ ಹಾಜರಿ ಹೇಳಲೂ ಕಷ್ಟ. ಆದರೆ ಕೈ ಬೀಸುತ್ತಾ ಎಣಿಸಲು ಬಿಟ್ಟರೆ ಒಂದರಿಂದ ಎಂಟರವರೆಗೆ ಗಂಟೆ ಬಾರಿಸಿದ ಹಾಗೆ ಹೇಳುತ್ತಿದ್ದಳು. ಅದನ್ನು ಕಂಡುಕೊಂಡವಳು ನಾನು. ಕವಾಯತಿನ ಎಣಿಕೆ ಅವಳಿಗೇ ಕೊಟ್ಟೆ. ಹುಡುಗಿಯರು ಅವಳನ್ನು 'ಗಂಟೆ' ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿದರೆ ಅವಳ ಬೆನ್ನು ಎರಡು ಅಂಗುಲ ನೆಟ್ಟಗಾಗುತ್ತಿತ್ತು.

ಕವಾಯತಿನ ವಿಡಿಯೊ ಕಳಿಸಿ, ಟಿ.ವಿ.ಯಲ್ಲಿ ಹಾಕುತ್ತೇವೆ ಎಂದು ನಿಮ್ಮ ಇಲಾಖೆಯ ಸುತ್ತೋಲೆ ಬಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಮಗಳು ಬರೆದ ಸುತ್ತೋಲೆ, ನನ್ನ ಶಾಲೆಯ ಮಕ್ಕಳು. ಡ್ರಾಯಿಂಗ್ ಮೇಷ್ಟ್ರು ಶಾಲೆಯ ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ಮೂರು ಸಲ ಚೆನ್ನಾಗಿಯೇ ಬಂತು. ಮೂರನೆಯದರಲ್ಲಿ ಮರದ ನೆರಳು ಬಿತ್ತು, ಇನ್ನೊಂದು ಸಲ ಆಗಲಿ ಎಂದರು. ಅಷ್ಟರಲ್ಲಿ ಅವಳು ಸುಸ್ತಾಗಿದ್ದಳು. ನಾಲ್ಕನೆಯ ಸಲ ಏಳರಲ್ಲಿ ಸಿಕ್ಕಿಕೊಂಡಳು. ನಾಲ್ಕೂ ಒಂದೇ ಕಾರ್ಡಿನಲ್ಲಿದ್ದವು. ಆ ಕಾರ್ಡನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟವಳು ನಾನೇ. ಟಿ.ವಿ.ಯಲ್ಲಿ ಬಂದದ್ದು ಆ ನಾಲ್ಕನೆಯದು.

ಲಕೋಟೆಯ ಮೇಲೆ 'ಎರಡನೆಯದನ್ನು ಬಳಸಿ' ಎಂದು ಬರೆಯಬೇಕೆಂದಿದ್ದೆ. ಬರೆದೆನೋ, ಬರೆಯಬೇಕೆಂದುಕೊಂಡು ಮರೆತೆನೋ ಗೊತ್ತಾಗುತ್ತಿಲ್ಲ. ಕೂತರೂ ನಿಂತರೂ ಅದೇ. ನಿನ್ನ ಆಫೀಸಿನಲ್ಲಿ ಆ ಲಕೋಟೆ ಇದೆಯೇ, ಒಮ್ಮೆ ನೋಡಿ ಹೇಳುತ್ತೀಯಾ?

ನಿನ್ನ ಅಮ್ಮ

*

ಜೂನ್ 21

ಅಮ್ಮಾ,

ನಿನ್ನ ಕಾಗದ ನೋಡಿ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ಇಷ್ಟಕ್ಕೆಲ್ಲ ಫೋನ್ ಆರಿಸಿಡುವುದೇ? ಏನಾದರೂ ಹೆಚ್ಚುಕಡಿಮೆಯಾದರೆ ನಾನು ಯಾರನ್ನು ಕೇಳಲಿ?

ಒಂದು ಮಾತು ನೀನು ತಿಳಿದುಕೊಳ್ಳಬೇಕು. ಆ ಚಿತ್ರದಿಂದ ಕೆಟ್ಟದ್ದಕ್ಕಿಂತ ಒಳ್ಳೆಯದೇ ಹೆಚ್ಚು ಆಗಿದೆ. ಎಲ್ಲ ಚಾನೆಲ್‌ಗಳೂ ದಿನಕ್ಕೆ ಆರು ಸಲ ಎರಡು ನಿಮಿಷದ ವ್ಯಾಯಾಮದ ಚಿತ್ರ ಹಾಕಲೇಬೇಕೆಂದು ನಾವು ಆದೇಶ ಹೊರಡಿಸಿದಾಗ ಅವರೆಲ್ಲ ಮೂಗು ಮುರಿದಿದ್ದರು. ಈಗ ಅವರೇ ಕೇಳಿ ಕೇಳಿ ಹಾಕುತ್ತಿದ್ದಾರೆ. ಸೋಫಾ ಬಿಟ್ಟೇಳದಿದ್ದ ಮಕ್ಕಳು ಏಳುತ್ತಿದ್ದಾರೆ. ನಮ್ಮಲ್ಲಿ ಪ್ರಸಾರ, ಅಂತರ್ಜಾಲ ಸುರಕ್ಷತೆ, ದೈಹಿಕ ಚಟುವಟಿಕೆ ಮೂರೂ ಒಂದೇ ಇಲಾಖೆಗೆ ಸೇರಿವೆ. ಮೂರರಲ್ಲೂ ಒಟ್ಟಿಗೆ ಫಲ ಕಂಡದ್ದು ಇದೇ ಮೊದಲು.

ಜನರು ಆಡಿಕೊಳ್ಳುತ್ತಾರೆ, ನಿಜ. ಒಂದು ತಿಂಗಳು ಕಳೆಯಲಿ, ಬೇರೆ ಏನೋ ಸಿಗುತ್ತದೆ, ಇದನ್ನು ಮರೆಯುತ್ತಾರೆ. ಹುಡುಗಿಯ ಮನೆಯವರಿಗೆ ತೊಂದರೆಯಾಗಿದ್ದರೆ ದೂರು ಕೊಡಲು ನಮೂನೆ ಇದೆ. ಹದಿನಾಲ್ಕು ದಿನದೊಳಗೆ ಉತ್ತರ ಬರುತ್ತದೆ.

ಅಷ್ಟು ಶಾಲೆಗಳಿಂದ ಬಂದ ಚಿತ್ರಗಳಲ್ಲಿ ಯಾವುದು ಹೇಗೆ ಆಯ್ಕೆಯಾಯಿತೆಂದು ಈಗ ಹೇಳುವುದು ಕಷ್ಟ. ಲಕೋಟೆಗಳೆಲ್ಲ ಕಡತಕೋಣೆಗೆ ಹೋಗಿವೆ. ನೀನು ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ನೀನು ಯಾವತ್ತೂ ಹೀಗೇ. ಶಾಲೆಯ ಮಕ್ಕಳಿಗೆ ನೆಗಡಿಯಾದರೆ ನಿನಗೆ ಜ್ವರ. ನಾನು ಏಳುವ ಮೊದಲೇ ನೀನು ಮೈದಾನಕ್ಕೆ ಹೊರಟಿರುತ್ತಿದ್ದೆ, ನೆನಪಿದೆಯಾ?

ಫೋನ್ ಹೊರಗೆ ತೆಗಿ.

ನಿನ್ನ ಮಗಳು

*

ಜುಲೈ 6

ಮಗಳೇ,

ಹುಡುಗಿಯ ಮನೆಗೆ ಹೋಗಿ ಬಂದೆ.

ಬಸ್ ನಿಲ್ದಾಣದ ಹಿಂದೆ ಎರಡು ಕೋಣೆಯ ಮನೆ. ಅವಳ ತಾಯಿ ನರ್ಸು, ಪಾಳಿ ಮುಗಿಸಿ ಬಂದು ಸಮವಸ್ತ್ರದಲ್ಲೇ ಕೂತಿದ್ದಳು. ಹಗಲಲ್ಲೂ ಕಿಟಕಿ ಮುಚ್ಚಿ, ಸಂದಿಗೆ ಹಳೇ ಬಟ್ಟೆ ತುರುಕಿದ್ದಾರೆ. ಯಾಕೆಂದು ನಾನು ಕೇಳಲಿಲ್ಲ. ನನ್ನ ಮನೆಯದೂ ಹಾಗೇ.

ಹುಡುಗಿ ಏಪ್ರಿಲ್ ಕೊನೆಯಿಂದ ಮಾತಾಡಿಲ್ಲ. ಉಗ್ಗುವುದೂ ಇಲ್ಲ, ಮಾತೇ ಇಲ್ಲ. ಏನು ಬೇಕಾದರೂ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾಳೆ. ಮೊದಮೊದಲು ಅಂಗಡಿಯವನು, ಕೆಳಗಿನ ಮನೆಯ ಮಕ್ಕಳು, ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ ಗುರುತು ಪರಿಚಯವಿಲ್ಲದವರು, ಎಲ್ಲರೂ ಪ್ರೀತಿಯಿಂದಲೇ ಎಂಬಂತೆ 'ಏ... ಏ... ಏಳು' ಎನ್ನುತ್ತಿದ್ದರಂತೆ. 'ಯಾರೂ ಬೈದಿಲ್ಲ ಮೇಡಂ, ಒಬ್ಬರೂ ಕೆಟ್ಟ ಮಾತಾಡಿಲ್ಲ' ಎಂದಳು ತಾಯಿ. 'ಬೈದಿದ್ರೆ ಜಗಳಕ್ಕಾದ್ರೂ ಹೋಗಬಹುದಿತ್ತು.'

ಡ್ರೈವರ್ ಮನೆಯಲ್ಲೇ ಇದ್ದರು. ಅವರನ್ನು ಕೆಲಸದಿಂದ ಹದಿನೈದು ದಿನ ದೂರ ಇಟ್ಟಿದ್ದಾರೆ. ನಡೆದದ್ದು ಇಷ್ಟು. ಬೆಳಗಿನ ಬಸ್ಸು, ತುಂಬಿದ ಜನ. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಯಾರದೋ ಫೋನು ಕೂಗಿತು. ಮಗಳ ದನಿ. ಎಲ್ಲರೂ ನಕ್ಕರು. ಇವರು ಸೇತುವೆಯ ಮಧ್ಯದಲ್ಲಿ ಬಸ್ ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದಕ್ಕೆ ತಿರುಗಿ ಹೇಳಿದರಂತೆ: 'ಇಳೀರಿ.'

'ಯಾಕ್ರೀ, ಏನಾಯ್ತು?'

'ಇಳೀರಿ ಅಂದೆ. ಎಲ್ಲರೂ ಇಳೀರಿ.'

ಜನ ಇಳಿದರು. ಇವರು ಖಾಲಿ ಬಸ್ಸನ್ನು ಡಿಪೋಗೆ ಒಯ್ದು ನಿಲ್ಲಿಸಿ, ನಡೆದುಕೊಂಡು ಮನೆಗೆ ಬಂದರು. ಇದನ್ನು ನನಗೆ ಹೇಳುವಾಗ ಅವರು ಒಮ್ಮೆಯೂ ತಲೆ ಎತ್ತಲಿಲ್ಲ.

ನೀನು ಹೇಳಿದ ನಮೂನೆ ತುಂಬಿ ದೂರನ್ನೂ ಕೊಟ್ಟಿದ್ದರು. ಉತ್ತರ ಹನ್ನೆರಡನೇ ದಿನಕ್ಕೇ ಬಂತಂತೆ. ಅದನ್ನು ನನಗೆ ಓದಲು ಕೊಟ್ಟರು. 'ಸದರಿ ದೃಶ್ಯದಲ್ಲಿ ಅಶ್ಲೀಲತೆ, ಬೆದರಿಕೆ ಅಥವಾ ಹಿಂಸೆಗೆ ಪ್ರಚೋದನೆ ಕಂಡುಬಂದಿರುವುದಿಲ್ಲ. ಆದ್ದರಿಂದ ಇದನ್ನು ಹಾನಿಕಾರಕವೆಂದು ಪರಿಗಣಿಸಲು ಅವಕಾಶವಿರುವುದಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ.' ಡ್ರೈವರ್ ಕೇಳಿದರು, 'ಮೇಡಂ, ಹಾನಿ ಅಂದ್ರೆ ಏನು ಅಂತ ತೀರ್ಮಾನ ಮಾಡೋರು ಯಾರು?' ನನಗೆ ಗೊತ್ತಿತ್ತು. ಹೋದ ವರ್ಷ ನೀನೇ ಕೂತು ಆ ನಿಯಮ ಬರೆದೆ, ಮುಗಿದ ದಿನ ನನಗೆ ಸಿಹಿ ತಂದುಕೊಟ್ಟೆ. ಗೊತ್ತಿಲ್ಲ ಎಂದೆ.

ಹುಡುಗಿ ಒಳಕೋಣೆಯ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಮೈ ದಪ್ಪಗಾಗಿದೆ, ಬೆನ್ನು ಬಾಗಿದೆ. ಅವಳನ್ನು ನೋಡುತ್ತಿರುವಾಗಲೇ ಪಕ್ಕದ ಮನೆಯ ಟಿ.ವಿ.ಯಲ್ಲಿ ಅವಳ ದನಿ ಬಂತು. ಒಂದು, ಎರಡು, ಮೂರು. ಅವಳ ತುಟಿ ಹೊಲಿದ ಹಾಗೆ ಮುಚ್ಚಿಯೇ ಇತ್ತು. ಏಳು ಬರುವವರೆಗೆ ನಾವು ನಾಲ್ವರೂ ಉಸಿರು ಹಿಡಿದುಕೊಂಡಿದ್ದೆವು.

ಆ ಲಕೋಟೆ ಹುಡುಕು ಮಗಳೇ. ಕೈಮುಗಿದು ಕೇಳುತ್ತೇನೆ.

ಅಮ್ಮ

*

ಜುಲೈ 30

ಮಗಳೇ,

ನಿನ್ನಿಂದ ಉತ್ತರವಿಲ್ಲ. ಕೆಲಸ ಹೆಚ್ಚಿರಬೇಕು.

ಬಸ್ಸಿನ ವಿಷಯ ಪತ್ರಿಕೆಯಲ್ಲಿ ಬಂದ ಮೇಲೆ ನಿಮ್ಮ ಇಲಾಖೆ ಎಚ್ಚೆತ್ತಿದೆ. ನನಗೆ ನೋಟಿಸು ಬಂದಿದೆ. 'ದೋಷವುಳ್ಳ ಪ್ರತಿಯನ್ನು ಪ್ರಸಾರಕ್ಕೆ ಕಳುಹಿಸಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು.' ಕೆಳಗಿನ ಸಹಿ ನಿನ್ನದಲ್ಲ ಎಂದು ನೋಡಿ ಎದೆಯ ಭಾರ ಇಳಿಯಿತು.

ಮುಖ್ಯೋಪಾಧ್ಯಾಯಿನಿ, 'ಒಪ್ಪಿಕೋಬೇಡಿ, ನಾಲ್ಕೂ ಕಳಿಸಿದ್ದೆ ಅಂತ ಬರೀರಿ' ಎಂದರು. ನಾನು ತಪ್ಪು ನನ್ನದೇ ಎಂದು ಬರೆದು ಕೊಟ್ಟೆ. ಯಾರಾದರೂ ಒಬ್ಬರು ಆ ಮನೆಯವರಿಗೆ ಹೌದು, ನನ್ನಿಂದ ಆಯಿತು ಎನ್ನಬೇಕಲ್ಲ. ಬರುವ ಮಾರ್ಚಿಗೆ ನಿವೃತ್ತಿ. ಅಲ್ಲಿಯವರೆಗೆ ಮೈದಾನಕ್ಕೆ ಇಳಿಯಬಾರದಂತೆ, ಗ್ರಂಥಾಲಯದಲ್ಲಿ ಕೂರಬೇಕಂತೆ. ಕೂತಿದ್ದೇನೆ.

ಅಮ್ಮ

*

ಆಗಸ್ಟ್ 11

ಅಮ್ಮಾ,

ಲಕೋಟೆ ನನ್ನ ಮೇಜಿನ ಡ್ರಾಯರಿನಲ್ಲಿದೆ. ಮೊದಲಿನಿಂದಲೂ ಅಲ್ಲೇ ಇದೆ. ನೀನು ಬರೆದಿದ್ದೀಯ. ಕೆಂಪು ಶಾಯಿಯಲ್ಲಿ, ಕೆಳಗೆ ಎರಡು ಗೆರೆ ಎಳೆದು, 'ದಯವಿಟ್ಟು ಎರಡನೆಯದನ್ನೇ ಬಳಸಿ.'

ನಾಲ್ಕನೆಯದನ್ನು ಆರಿಸಿದವಳು ನಾನು.

ಮಾರ್ಚ್ ತಿಂಗಳಲ್ಲಿ ಚಿತ್ರ ನೋಡುವ ಕೋಣೆಯಲ್ಲಿ ಆರು ಜನ ಕೂತಿದ್ದೆವು. ಇಪ್ಪತ್ತಾರು ಶಾಲೆಗಳ ಚಿತ್ರ ನೋಡಿ ಎಲ್ಲರಿಗೂ ಬೇಸರ ಬಂದಿತ್ತು. ಎಲ್ಲವೂ ಅಚ್ಚುಕಟ್ಟು, ಎಲ್ಲವೂ ಒಂದೇ ಥರ. ಯಂತ್ರ ನಡೆಸುವವನು ನಿನ್ನ ಕಾರ್ಡನ್ನು ತಡೆಯದೆ ಓಡಿಸಿದ. ನಾಲ್ಕನೆಯದು ತಾನಾಗಿ ಬಂತು. ಅವಳು ಏಳರಲ್ಲಿ ನಿಂತಳು. ನಾನು ನಕ್ಕೆ. ಆಮೇಲೆ ಎಲ್ಲರೂ ನಕ್ಕರು. ನಿರ್ದೇಶಕರು, 'ಎಷ್ಟು ಮುದ್ದಾಗಿದೆಯಲ್ಲ' ಎಂದರು. ಎಣಿಕೆಯ ಏಳೂ ಹೌದು, ಹಾಸಿಗೆ ಬಿಟ್ಟು ಏಳು ಎನ್ನುವುದೂ ಹೌದು, ಇದೇ ನಮ್ಮ ಘೋಷಣೆಯಾಗಲಿ ಸಾರ್, ಎಂದವಳು ನಾನು. ಆಗ ಲಕೋಟೆ ನನ್ನ ಕೈಯಲ್ಲೇ ಇತ್ತು.

ಅವಳು ಯಾರೆಂದು ಗೊತ್ತಿರಲಿಲ್ಲ ಎಂದು ಬರೆದುಬಿಡೋಣ ಎನ್ನಿಸಿತು. ಗೊತ್ತಿತ್ತು. ಎರಡು ವರ್ಷದಿಂದ ನಿನ್ನ ಬಾಯಲ್ಲಿ ಅವಳದೇ ಮಾತು.

ನಿನಗೆ ಬಂದ ನೋಟಿಸಿನ ಕರಡು ನನ್ನ ಮೇಜಿನಿಂದಲೇ ಹೋಯಿತು. ಸಹಿ ಮಾತ್ರ ಕಿರಿಯ ಅಧಿಕಾರಿಯದು. ನೀನು ಹೇಗೂ ನಾಲ್ಕೂ ಕಳಿಸಿದ್ದೆ ಎಂದು ಬರೆಯುತ್ತೀ, ವಿಷಯ ಅಲ್ಲಿಗೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ನಿನ್ನ ಕೈಬರಹದ ತಪ್ಪೊಪ್ಪಿಗೆ ಕಡತದಲ್ಲಿ ನನ್ನ ಮುಂದೆ ಬಂದು ಕೂತಿತು. ಅದರ ಮೇಲೆ 'ಒಪ್ಪಿದೆ' ಎಂದು ಬರೆಯಬೇಕಾದವಳು ನಾನೇ. ಎಂಟು ದಿನವಾಯಿತು, ಬರೆದಿಲ್ಲ.

ಈಗ ನಮ್ಮ ಬೀದಿಯಲ್ಲೂ ಬೆಳಗ್ಗೆ ಕೇಳಿಸುತ್ತದೆ. ಮೊದಲೂ ಕೇಳಿಸುತ್ತಿತ್ತು, ಆಗ ಖುಷಿಯಾಗುತ್ತಿತ್ತು.

ಮಗಳು

*

ಸೆಪ್ಟೆಂಬರ್ 2

ನಿನ್ನ ಪತ್ರ ತಲುಪಿತು. ಮೂರು ಸಲ ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು.

ಮೊದಲ ಸಾಲುಗಳನ್ನು ಓದಿದಾಗ ನನಗೆ ಸಂತೋಷವಾಯಿತು. ನಾನು ಬರೆದಿದ್ದೆ ಎಂದು. ಅಷ್ಟು ಸಂತೋಷಪಟ್ಟೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ನನಗೆ ಹೇಳಿದ್ದನ್ನು ಆ ಮನೆಗೆ ಹೋಗಿ ಹೇಳು. ಕಾಗದದಲ್ಲಿ ಅಲ್ಲ, ಎದುರಿಗೆ ನಿಂತು. ಅಲ್ಲಿಯವರೆಗೆ ನನಗೆ ಬರೆಯಬೇಡ.

ಅಮ್ಮ

*

ಅಕ್ಟೋಬರ್ 17

ಅಮ್ಮಾ,

ಹೋಗಿ ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋಗುವ ಮೊದಲು ಕಡತದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು, ಲಕೋಟೆಯನ್ನೂ ಲಗತ್ತಿಸಿ ಮೇಲಕ್ಕೆ ಕಳಿಸಿದೆ. ನಿನ್ನ ಮೇಲಿನ ನೋಟಿಸು ರದ್ದಾಗಿದೆ, ಆದೇಶ ಈ ವಾರ ಕೈ ಸೇರಬಹುದು. ಚಾನೆಲ್‌ಗಳಲ್ಲಿ ಚಿತ್ರ ನಿಂತಿದೆ. ನನ್ನನ್ನು ಕಡತಕೋಣೆಗೆ ಹಾಕಿದ್ದಾರೆ. ಮಕ್ಕಳ ಮಾತು, ಮೈ, ನಡೆಯನ್ನು ಆಡಿಕೊಳ್ಳುವುದೂ ಹಾನಿಯೇ ಎಂದು ನಿಯಮಕ್ಕೆ ಒಂದು ತಿದ್ದುಪಡಿ ಬರೆದುಕೊಟ್ಟೆ. 'ಹಾಗಾದರೆ ನಗುವುದನ್ನೇ ನಿಷೇಧಿಸಬೇಕಾಗುತ್ತೆ ಮೇಡಂ' ಎಂದು ಹೊಸ ಅಧಿಕಾರಿ ನಕ್ಕರು. ಅದು ಪರಿಶೀಲನೆಯಲ್ಲಿದೆ. ಚಾನೆಲ್‌ನಲ್ಲಿ ನಿಲ್ಲಿಸಲು ಒಂದು ಸಹಿ ಸಾಕಾಯಿತು. ಜನರ ಫೋನಿನೊಳಗೆ ಹೊಕ್ಕಿದ್ದಕ್ಕೆ ಯಾವ ಸಹಿಯೂ ನಾಟುವುದಿಲ್ಲ.

ಆ ಮನೆಯಲ್ಲಿ ನನ್ನನ್ನು ಕೂರಿಸಿದರು. ನರ್ಸಮ್ಮ ನೀರು ಕೊಟ್ಟರು. ಲೋಟ ಕೈಯಲ್ಲಿ ಹಿಡಿದೇ ಎಲ್ಲ ಹೇಳಿದೆ. ಯಾರು ಆರಿಸಿದ್ದು, ಯಾರು ನಕ್ಕದ್ದು, ಯಾರ ತಪ್ಪನ್ನು ಯಾರು ಹೊತ್ತುಕೊಂಡದ್ದು. ಡ್ರೈವರ್ ಗೋಡೆಗೆ ಒರಗಿ ಕೇಳಿಸಿಕೊಂಡರು.

'ಮುಗೀತಾ?' ಎಂದರು.

'ಮುಗೀತು.'

'ನಿಮ್ಮಮ್ಮ ಇಲ್ಲಿಗೆ ಬಂದು ಹೋದ ಮೇಲೆ, ತಪ್ಪು ತಮ್ಮದೇ ಅಂತ ಬರೆದುಕೊಟ್ಟಿದ್ದು ಕೇಳಿ, ನಾನು ಅವರನ್ನ ಮನಸ್ಸಲ್ಲೇ ಎಷ್ಟು ಬೈದಿದ್ದೀನಿ ಗೊತ್ತಾ? ಅದನ್ನ ಯಾರ ಹತ್ರ ವಾಪಸ್ ತಗೊಳ್ಳಲಿ?'

ಲೋಟ ಕೆಳಗಿಟ್ಟೆ. ಎದ್ದು ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಹುಡುಗಿ ಬಂದು ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ಕೈಗಿಟ್ಟಳು. ದುಂಡಗಿನ ಅಕ್ಷರ. 'ನಿಮಗೆ ಯಾಕೆ ನಗು ಬಂತು?'

ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ ಅಮ್ಮಾ. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಅವಳು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು, ಎಷ್ಟು ಹೊತ್ತಾದರೂ ಪರವಾಗಿಲ್ಲ ಎನ್ನುವಂತೆ. ಕೊನೆಗೆ ನಾನು ತಲೆ ತಗ್ಗಿಸಿ ಮೆಟ್ಟಿಲಿಳಿದೆ.

ಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿ ಅಂಗಡಿಯೊಳಗೆ ಯಾರದೋ ಫೋನು ಕೂಗುತ್ತಿತ್ತು. ಅದೇ ದನಿ. ಯಾರೂ ಅದನ್ನು ಆರಿಸಲಿಲ್ಲ.

ಮಗಳು

*

ನವೆಂಬರ್ 3

ಪ್ರೀತಿಯ ಹುಡುಗಿಗೆ,

ನೀನು ಕೇಳಿದ ಪ್ರಶ್ನೆಗೆ ಅಂದು ಉತ್ತರ ಹೇಳಲಾಗಲಿಲ್ಲ. ಈ ಹದಿನೇಳು ದಿನ ಅದನ್ನೇ ಯೋಚಿಸಿದ್ದೇನೆ. ಇದನ್ನು ನೀನು ಓದಲೇಬೇಕೆಂದಿಲ್ಲ.

ನಿನ್ನ ಮಾತು ನಿಂತಾಗ ನನಗೆ ನಗು ಬರಲಿಲ್ಲ. ಇದು ನಿಜ. ಮೊದಲ ಕ್ಷಣದಲ್ಲಿ ನಾನು ನೋಡಿದ್ದು ಚಿತ್ರದ ಅಂಚನ್ನು. ಅಲ್ಲಿ ನಿನ್ನ ಟೀಚರ್ ಕೈ ಕಾಣುತ್ತಿತ್ತು. ನೀನು ನಿಂತ ಕೂಡಲೇ ತಾಳ ಹಾಕುತ್ತಿದ್ದ ಆ ಕೈಯೂ ಗಾಳಿಯಲ್ಲೇ ನಿಂತಿತು. ಅವಸರ ಮಾಡಲಿಲ್ಲ, ನಿನಗಾಗಿ ಕಾಯಿತು. ಅದು ನನ್ನ ಅಮ್ಮನ ಕೈ. ನನಗಾಗಿ ಅದು ಹಾಗೆ ಕಾದದ್ದು ನನಗೆ ನೆನಪಿಲ್ಲ. ನಲವತ್ತು ದಾಟುತ್ತಿರುವ ಹೆಂಗಸು ಹದಿಮೂರರ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟಳು.

ಅಷ್ಟರಲ್ಲಿ ನಿರ್ದೇಶಕರ ಕಡೆ ತಿರುಗಿದೆ. ಅವರ ತುಟಿ ಸಡಿಲವಾಗುತ್ತಿತ್ತು. ಅವರು ನಗುವವರಿದ್ದಾರೆಂದು ತಿಳಿಯಿತು. ಅವರಿಗಿಂತ ಅರೆಕ್ಷಣ ಮೊದಲು ನಾನು ನಕ್ಕೆ. ಹಾಗೆ ನಗುವುದು ನನಗೆ ಹದಿನಾರು ವರ್ಷದ ನೌಕರಿಯಲ್ಲಿ ಅಭ್ಯಾಸವಾಗಿಹೋಗಿತ್ತು.

ನಿನ್ನಲ್ಲಿ ನಗುವಂಥದ್ದು ಏನೂ ಇರಲಿಲ್ಲ. ನೀನು ಕೇಳಿದ್ದಕ್ಕೆ ಇಷ್ಟೇ ಉತ್ತರ, ಇದು ಬಹಳ ಸಣ್ಣದು ಎಂದು ನನಗೆ ಗೊತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ.

ನಿನ್ನ ಟೀಚರ್ ಮಗಳು

*

ಡಿಸೆಂಬರ್ 12

ಆಫೀಸರ್ ಮೇಡಂ ಅವರಿಗೆ,

ನಿಮ್ಮ ಪತ್ರ ಬಂದು ತುಂಬಾ ದಿನ ಆಯಿತು. ಅಪ್ಪ ಅದನ್ನು ಟಿ.ವಿ. ಮೇಲೆ ಇಟ್ಟಿದ್ದರು. ನಮ್ಮ ಮನೆಯಲ್ಲಿ ಈಗ ಟಿ.ವಿ. ಹಾಕುವುದಿಲ್ಲ. ಬೇಡ ಅನ್ನಿಸಿದರೆ ಓದಬೇಡ ಅಂದರು. ನಾನೂ ಓದಲಿಲ್ಲ.

ಹೋದ ಭಾನುವಾರ ಅಮ್ಮ ಪಾಳಿ ಮುಗಿಸಿ ಬಂದಳು. ಅವಳಿಗೆ ಕಣ್ಣು ಉರಿಯುತ್ತಿತ್ತು, ಕಣ್ಣಿನ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿದ್ದಳು. ಆ ಪತ್ರದಲ್ಲಿ ಏನಿದೆಯೋ ನೋಡಿಬಿಡು, ಎಷ್ಟು ದಿನ ಅಂತ ಹಾಗೇ ಇಡ್ತೀಯಾ, ಅಂದಳು. ಅವಳು ಹೇಳಿದ್ದು ಮನಸ್ಸಿನಲ್ಲೇ ಓದಿಕೋ ಅಂತ ಇರಬೇಕು. ನಾನು ಗಟ್ಟಿಯಾಗಿ ಓದಿದೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಹೊರಗಡೆ ಇನ್ನೂ ಮಾತಾಡುವುದಿಲ್ಲ. ಬೆಳಗ್ಗೆ ಅದು ಇನ್ನೂ ಕೇಳಿಸುತ್ತದೆ, ಮೊದಲಿಗಿಂತ ಕಡಿಮೆ. ಅದು ಯಾರೋ ಬೇರೆ ಹುಡುಗಿ, ಸತ್ತುಹೋಗಿದ್ದಾಳೆ, ಅವಳಿಗೆ ಗೊತ್ತಾಗಿಲ್ಲ, ಎಣಿಸುತ್ತಲೇ ಇದ್ದಾಳೆ ಅಂತ ಅನ್ನಿಸುತ್ತದೆ. ಇದನ್ನು ಅಪ್ಪನಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ಟೀಚರ್‌ಗೆ ಬೇರೆ ಪತ್ರ ಬರೆಯುತ್ತೇನೆ.

ನಿಮ್ಮ ಪತ್ರ ಓದಿ ಮುಗಿಸಲು ಮುಕ್ಕಾಲು ಗಂಟೆ ಆಯಿತು. 'ನಿರ್ದೇಶಕರ' ಅನ್ನೋ ಕಡೆ ತುಂಬಾ ಹೊತ್ತು ನಿಂತುಬಿಟ್ಟೆ. ಅಮ್ಮ ಕಣ್ಣಿನ ಮೇಲಿನ ಬಟ್ಟೆ ತೆಗೆಯಲಿಲ್ಲ, ಆ ಪದವನ್ನು ನನ್ನ ಬದಲು ಹೇಳಿಬಿಡಲೂ ಇಲ್ಲ. ಅಪ್ಪ ಆಗತಾನೇ ಡ್ಯೂಟಿಯಿಂದ ಬಂದು ಬಾಗಿಲ ಹೊರಗೆ ಶೂ ಬಿಚ್ಚುತ್ತಿದ್ದರು. ನಾನು ಓದುವುದು ಕೇಳಿಸಿತು ಅಂತ ಕಾಣುತ್ತದೆ. ಪೂರ್ತಿ ಮುಗಿಯುವವರೆಗೂ ಒಳಗೆ ಬರಲಿಲ್ಲ. ನಾನು ಹೋಗಿ ನೋಡಿದಾಗ ಒಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕಾಲಲ್ಲಿ ಹಾಗೇ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

ಇಂತಿ,
ಎಂಟನೇ ತರಗತಿ, ಬಿ ವಿಭಾಗ